ಐವತ್ತು ಕಿಲೋಮೀಟರಿಗೆ ಬ್ರೇಕ್ ಮೇಡಂ ತಯಾರಾದದ್ದು

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಆಕೆಯ ಕೈಕೆಳಗೆ ಕಲಿತವರು. ಕೂಗಾಡಿ ಕಲಿಸುವ ಪೈಕಿ ಅಲ್ಲ. ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನ ಪಕ್ಕದ ಸೀಟಿನಲ್ಲಿ ಕೂತು, ಎದುರಿಗೆ ಲಾರಿ ನುಗ್ಗಿ ಬರುತ್ತಿದ್ದರೂ, "ಅದು ಲಾರಿ. ಅದಕ್ಕೆ ನಾವು ದಾರಿ ಬಿಡ್ತೀವಿ," ಎಂದು ಮಗುವಿಗೆ ಚಿತ್ರದ ಪುಸ್ತಕ ತೋರಿಸುವ ಹಾಗೆ ಹೇಳುತ್ತಿದ್ದಳು. ಕಲಿಯುವವರು ದಾರಿ ಬಿಡದೇ ಇದ್ದರೆ ಬಲಗಾಲನ್ನು ಒಂದಿಷ್ಟು ಒತ್ತುತ್ತಿದ್ದಳು. ಆಕೆಯ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇತ್ತು. ಕಾರು ಗಕ್ಕನೆ ನಿಲ್ಲುತ್ತಿತ್ತು. ಹಾಗಾಗಿ ಊರವರ ಬಾಯಲ್ಲಿ ಆಕೆ ಬ್ರೇಕ್ ಮೇಡಂ. ಆಕೆಗೂ ಅದು ಗೊತ್ತಿತ್ತು. ಇದಕ್ಕಿಂತ ಕೆಟ್ಟ ಹೆಸರುಗಳನ್ನು ಹೊತ್ತುಕೊಂಡು ಬಾಳುವವರಿದ್ದಾರೆ ಎಂದು ಸುಮ್ಮನಿದ್ದಳು.

ಆಕೆ ಓಡಲು ಶುರು ಮಾಡಿದ್ದು ತೂಕ ಇಳಿಸುವುದಕ್ಕಲ್ಲ, ಡಾಕ್ಟರು ಹೇಳಿದರು ಅಂತಲೂ ಅಲ್ಲ. ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಾರು ಗ್ಯಾರೇಜಿನಲ್ಲಿತ್ತು. ಕಲಿಯುವವರ ಕಾಗದಪತ್ರ ಲೈಸೆನ್ಸ್ ಆಫೀಸಿಗೆ ಮುಟ್ಟಿಸಬೇಕಿತ್ತು. ಬಸ್ಸು ಬರಲಿಲ್ಲ. ಕೌಂಟರ್ ಮುಚ್ಚುವ ಹೊತ್ತಾಗಿತ್ತು. ಚಪ್ಪಲಿ ಕಾಲಲ್ಲೇ ಓಡಿದಳು. ಹೋಗಿ ನೋಡಿದರೆ ಕೌಂಟರ್ ಆಗಲೇ ಮುಚ್ಚಿತ್ತು. ಅಲ್ಲಿನ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಗ ಆಕೆಗೆ ಒಂದು ವಿಷಯ ಹೊಳೆಯಿತು. ಅಷ್ಟು ದೂರ ಓಡಿ ಬರುವಾಗ ಯಾರ ಜೀವಕ್ಕೂ ತಾನು ಜವಾಬ್ದಾರಳಾಗಿರಲಿಲ್ಲ. ಬಿದ್ದರೆ ತಾನೊಬ್ಬಳೇ ಬೀಳುತ್ತಿದ್ದಳು. ಇದು ಆಕೆಗೆ ಬಹಳ ಹಿಡಿಸಿತು. ಮರುದಿನ ಬೆಳಗ್ಗೆ ಕೆಲಸವಿಲ್ಲದಿದ್ದರೂ ಅದೇ ದಾರಿಯಲ್ಲಿ ಓಡಿದಳು, ಈ ಸಲ ಬೂಟು ಹಾಕಿಕೊಂಡು.

ಹೀಗೆ ಶುರುವಾದದ್ದು ಆಮೇಲೆ ಅಭ್ಯಾಸವಾಯಿತು. ಹತ್ತು ಕಿಲೋಮೀಟರ್ ಓಟಗಳಿಗೆ ಹೋದಳು, ಇಪ್ಪತ್ತೊಂದಕ್ಕೆ ಹೋದಳು. ಎಲ್ಲ ಕಡೆ ಹಿಂದಿನವರ ಗುಂಪಿನಲ್ಲಿ ಬಂದು, ಬಾಳೆಹಣ್ಣು ತಿಂದು, ಮನೆಗೆ ಬಂದು ಬಟ್ಟೆ ಒಗೆದಳು. ನಲವತ್ತೆರಡರದ್ದೊಂದು ಓಡಿಬಿಡೋಣ ಎನಿಸಿ, ಹೆಸರು ಕೊಡಲು ಕ್ರೀಡಾ ಸಾಮಾನಿನ ಅಂಗಡಿಗೆ ಹೋದಳು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ನಲವತ್ತೆರಡು ತುಂಬಿ ಹೋಗಿದೆ ಮೇಡಂ. ಐವತ್ತರಲ್ಲಿ ಜಾಗ ಇದೆ," ಎಂದಳು.

"ಎಂಟು ತಾನೆ ಜಾಸ್ತಿ?"

"ಹೌದು ಮೇಡಂ. ಎಂಟೇ."

ಅಳತೆಗೆ ಸರಿಯಾದ ಬೂಟು ಇಲ್ಲದಾಗ ಒಂದು ನಂಬರ್ ದೊಡ್ಡದು ತಗೊಳ್ಳುವ ಹಾಗೆ, ಆಕೆ ಐವತ್ತು ತಗೊಂಡು ಮನೆಗೆ ಬಂದಳು.

ಮನೆಯಲ್ಲಿ ಮೂವರು. ಆಕೆ, ಗಂಡ, ಗಂಡನ ತಾಯಿ. ಗಂಡನಿಗೆ ಮುಖ್ಯ ರಸ್ತೆಯಲ್ಲಿ ಕನ್ನಡಕದ ಅಂಗಡಿ. ಜನರ ಕಣ್ಣು ಪರೀಕ್ಷಿಸಿ, "ಇದು ಚೆನ್ನಾಗಿ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ?" ಎಂದು ಇಡೀ ದಿನ ಕೇಳಿ ಕೇಳಿ, ಮನೆಗೆ ಬಂದ ಮೇಲೆ ಯಾವುದನ್ನೂ ಕೇಳದ ಮನುಷ್ಯ. ಅತ್ತೆ ಹಿಂದೆ ದೊಡ್ಡ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದವರು. ಈಗ ಮಂಡಿನೋವು. ನಾಲಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

ಊಟದ ಹೊತ್ತಿಗೆ ಆಕೆ ವಿಷಯ ಹೇಳಿದಳು.

"ಐವತ್ತು ಅಂದ್ರೆ ಎಲ್ಲೀವರೆಗೆ?" ಅತ್ತೆ ಕೇಳಿದರು.

"ಜಲಾಶಯದ ಸುತ್ತ ಎರಡು ಸಲ."

"ಒಂದು ಸಲ ಸುತ್ತಿದ್ರೆ ಅಲ್ಲಿರೋದೆಲ್ಲಾ ಕಾಣಲ್ವಾ?"

"ಕಾಣುತ್ತೆ ಅತ್ತೆ."

"ಮತ್ತೆ?"

ಆಕೆ ಅತ್ತೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಗಂಡ ತಟ್ಟೆಯಿಂದ ತಲೆ ಎತ್ತದೆ, "ಬಸ್ಸಲ್ಲಿ ಹೋದ್ರೂ ಐವತ್ತು ಕಿಲೋಮೀಟರ್ ಸುಸ್ತಾಗುತ್ತೆ," ಎಂದ. ಅದು ಬೇಡ ಅಂದ ಹಾಗಾಯಿತೋ ಬರೀ ಮಾತೋ ತಿಳಿಯಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವನ ಮಾತಿನಲ್ಲಿ ಈ ಎರಡನ್ನು ಬೇರೆ ಮಾಡಲು ಆಕೆಗೆ ಬಂದಿರಲಿಲ್ಲ.

ತೊಂದರೆ ಶುರುವಾದದ್ದು ಓಟದ ದೂರ ಹೆಚ್ಚಿದ ಮೇಲೆ. ಭಾನುವಾರದ ದೊಡ್ಡ ಓಟಕ್ಕೆ ಮೂರು ಗಂಟೆ, ಮೂರೂವರೆ ಗಂಟೆ ಬೇಕಾಗುತ್ತಿತ್ತು. ನೀರು ಬೇಕು, ತಿನ್ನಲು ಏನಾದರೂ ಬೇಕು. ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡರೆ ಓಡುತ್ತಿದ್ದೇನೋ ಮನೆ ಬದಲಾಯಿಸುತ್ತಿದ್ದೇನೋ ಎನ್ನುವ ಹಾಗಾಗುತ್ತಿತ್ತು. ಅದರ ಮೇಲೆ ಭಾನುವಾರ ಬೆಳಗ್ಗೆ ಆಕೆಗೆ ಒಂದು ಕ್ಲಾಸು ಇತ್ತು. ಅದು ಟೈಲರ್ ಮಾಸ್ಟರದ್ದು.

ಟೈಲರ್ ಮಾಸ್ಟರು ಒಳ್ಳೆಯ ಮನುಷ್ಯ. ಷರ್ಟು, ಪ್ಯಾಂಟು, ಕೋಟು ಯಾವುದನ್ನು ಕೊಟ್ಟರೂ ಮೈಗೆ ಅಂಟಿದ ಹಾಗೆ ಹೊಲಿದು ಕೊಡುವವರು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಕಾರಿನಲ್ಲಿ ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಮಾತು ಉಳಿಸಿಕೊಳ್ಳಲು ಅರವತ್ತರ ಹತ್ತಿರ ಬಂದಾಗ ಹಳೆಯದೊಂದು ಕಾರು ತಗೊಂಡರು. ಲೈಸೆನ್ಸ್ ಮಾತ್ರ ಸಿಗಲೊಲ್ಲದು. ಇಡೀ ಜನ್ಮ ಹೊಲಿಗೆ ಯಂತ್ರದ ಪೆಡಲ್ ಒತ್ತಿದ ಕಾಲು. ಕಾರಿನ ಪೆಡಲ್ಲನ್ನೂ ಅದು ಹಾಗೇ ಒತ್ತುತ್ತಿತ್ತು. ಒತ್ತು, ಬಿಡು, ಒತ್ತು, ಬಿಡು. ಕಾರು ರಸ್ತೆಯುದ್ದಕ್ಕೂ ಹೊಲಿಗೆ ಹಾಕಿಕೊಂಡು ಹೋಗುತ್ತಿತ್ತು. ಪರೀಕ್ಷೆಯಲ್ಲಿ ಎಷ್ಟು ಸಲ ಫೇಲಾದರು ಎಂಬುದನ್ನು ಮಾಸ್ಟರೂ ಹೇಳುತ್ತಿರಲಿಲ್ಲ, ಆಕೆಯೂ ಕೇಳುತ್ತಿರಲಿಲ್ಲ.

ಒಂದು ಶನಿವಾರ ಆಕೆ ಎರಡು ತೊಂದರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಮಾಸ್ಟರಿಗೆ ಕಾಲು ಅಲುಗಾಡಿಸದೆ ನಿಧಾನಕ್ಕೆ ಓಡಿಸುವುದು ಬರಬೇಕು. ತನಗೆ ನಿಧಾನಕ್ಕೆ ಹಿಂದೆ ಬರುವ ಗಾಡಿ ಬೇಕು. ಗಂಡನಿಗೆ ಲೈಸೆನ್ಸ್ ಇದೆ, ಪಕ್ಕದ ಸೀಟಿನ ಬ್ರೇಕ್ ಒತ್ತಲು ಕಾಲೂ ಇದೆ.

"ನಾಳೆ ಐದಕ್ಕೆ ಏಳ್ಬೇಕು ನೀವು," ಎಂದಳು ಗಂಡನಿಗೆ.

"ಯಾಕೆ?"

"ಬ್ರೇಕ್ ಹಾಕೋಕೆ."

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ವಾದ ಮಾಡಬೇಕೆಂದಿದ್ದರೆ ಅವನು ಕನ್ನಡಕ ಹಾಕಿಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಒಪ್ಪಿದ ಎಂದು ಆಕೆ ತಿಳಿದುಕೊಂಡಳು.

ಬೆಳಗ್ಗೆ ನೋಡಿದರೆ ಹಿಂದಿನ ಸೀಟಿನಲ್ಲಿ ಅತ್ತೆ ಶಾಲು ಹೊದ್ದು ಕೂತಿದ್ದರು. ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ.

"ನೀವ್ಯಾಕೆ ಅತ್ತೆ ಇಷ್ಟು ಹೊತ್ತಿಗೆ?"

"ಮೂರು ಗಂಟೆ ಓಡೋಳಿಗೆ ಏನು ತಿನ್ನಿಸ್ಬೇಕು ಅಂತ ಇವನಿಗೆ ಗೊತ್ತಾ? ಇವನು ಬಿಸ್ಕೆಟ್ ಕೊಡ್ತಾನೆ."

ಗಂಡನ ಜೇಬಿನಲ್ಲಿ ಬಿಸ್ಕೆಟ್ ಪೊಟ್ಟಣವೇ ಇತ್ತು. ಅವನು ಅದನ್ನು ಹೊರಗೆ ತೆಗೆಯಲಿಲ್ಲ.

ಹೀಗೆ ಭಾನುವಾರ ಬೆಳಗಿನ ರಸ್ತೆಯಲ್ಲಿ ಒಂದು ಮೆರವಣಿಗೆ ಹುಟ್ಟಿಕೊಂಡಿತು. ಮುಂದೆ ಬ್ರೇಕ್ ಮೇಡಂ, ಹತ್ತು ಮಾರು ಹಿಂದೆ ಬಿಳಿ ಕಾರು. ಸ್ಟಿಯರಿಂಗ್ ಹಿಂದೆ ಬೆವರುತ್ತ ಟೈಲರ್ ಮಾಸ್ಟರು, ಪಕ್ಕದಲ್ಲಿ ತೂಕಡಿಸುತ್ತ ಗಂಡ, ಹಿಂದೆ ಬುಟ್ಟಿಯ ಜೊತೆ ಅತ್ತೆ. ಆಕೆ ಹಿಂದೆ ತಿರುಗದೆ ಇಂಜಿನ್ನಿನ ಸದ್ದಿನ ಮೇಲೇ ಪಾಠ ಮಾಡುತ್ತಿದ್ದಳು. "ಮಾಸ್ಟರೇ, ಕ್ಲಚ್ ಪೂರ್ತಿ ಬಿಟ್ರಿ. ಅರ್ಧ ಹಿಡೀರಿ... ಈಗ ಒತ್ತಿ ಬಿಡ್ತಾ ಇದೀರಿ. ಹೊಲೀಬೇಡಿ."

ಎದುರಿಗೆ ಬರುವ ಕಾರುಗಳ ಕಥೆಯೇ ಬೇರೆ. ಆಕೆಯನ್ನು ರಸ್ತೆಯಲ್ಲಿ ಕಂಡ ಕೂಡಲೇ ಹಳೆಯ ಶಿಷ್ಯರ ಬೆನ್ನು ನೆಟ್ಟಗಾಗುತ್ತಿತ್ತು. ಮೊಬೈಲ್ ಕೆಳಗೆ ಹೋಗುತ್ತಿತ್ತು, ಸೀಟ್ ಬೆಲ್ಟ್ ಮೇಲೆ ಬರುತ್ತಿತ್ತು. ತಿರುವೇ ಇಲ್ಲದ ಕಡೆ ಇಂಡಿಕೇಟರ್ ಮಿನುಗುತ್ತಿತ್ತು. ಒಂದು ಸಲ ಟ್ರಾಫಿಕ್ ಪೊಲೀಸಿನವನು ಬೈಕಿನಲ್ಲಿ ಪಕ್ಕಕ್ಕೆ ಬಂದು, ಆಕೆಯ ಜೊತೆ ಸ್ವಲ್ಪ ದೂರ ಸಾಗಿ, ಗುಟ್ಟು ಹೇಳುವವನ ಹಾಗೆ, "ಮೇಡಂ, ಹಿಂದೆ ಒಂದು ಕಾರು ನಿಮ್ಮನ್ನೇ ಹಿಂಬಾಲಿಸ್ತಾ ಇದೆ," ಎಂದ.

"ಗೊತ್ತು. ಅದು ನಂದೇ ಕಾರು."

ಅವನು ಹಿಂದೆ ನೋಡಿದ, ಮುಂದೆ ನೋಡಿದ. ಅವನಿಗೂ ಪಾಠ ಹೇಳಿದ್ದು ಆಕೆಯೇ. "ಸರಿ ಮೇಡಂ," ಎಂದು ಇಂಡಿಕೇಟರ್ ಹಾಕಿ ತಿರುಗಿದ.

ಮೈ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಮಂಡಿ ಒಂದು ದಿನ ನೋಯುತ್ತಿತ್ತು, ಮರುದಿನ ಅದನ್ನು ಬಿಟ್ಟು ಸೊಂಟ. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಒಂದು ಬೆಳಗ್ಗೆ ಕಾಲುಚೀಲದಲ್ಲೇ ಉಳಿದುಕೊಂಡಿತು. ಗಂಡ ಅದನ್ನು ಅಂಗಡಿಯ ಭೂತಗನ್ನಡಿಯಲ್ಲಿ ನೋಡಿ, "ಪೂರ್ತಿ ಬಂದಿದೆ," ಎಂದು ವರದಿ ಒಪ್ಪಿಸಿದ. ಎಲ್ಲಕ್ಕಿಂತ ಕಷ್ಟದ್ದು ಬಟ್ಟೆ ಉಜ್ಜಿ ಚರ್ಮ ಸುಲಿಯುವುದು. ಸ್ನಾನಕ್ಕೆ ನಿಂತರೆ ನೀರು ಬಿದ್ದ ಕಡೆಯೆಲ್ಲ ಬೆಂಕಿ.

"ಎಲ್ಲಿ ಉಜ್ಜುತ್ತೆ ಮೇಡಂ?" ಮಾಸ್ಟರು ಕೇಳಿದರು. ಹೊಲಿಗೆಯ ವಿಷಯ ಬಂದರೆ ಅವರ ಸಂಕೋಚವೆಲ್ಲ ಮಾಯ.

ಆಕೆ ಬೇರೆಲ್ಲೋ ನೋಡಿದಳು. ಹಿಂದಿನ ಸೀಟಿನಿಂದ ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ, "ಕಂಕುಳಲ್ಲಿ. ತೊಡೆ ಸಂದಿಯಲ್ಲಿ. ಬ್ರಾ ಪಟ್ಟಿ ಕೆಳಗೆ. ಬರ್ಕೊಳ್ಳಿ," ಎಂದರು.

ಮಾಸ್ಟರು ಬರೆದುಕೊಳ್ಳಲಿಲ್ಲ. ಮುಂದಿನ ವಾರ ಆಕೆಯ ಓಟದ ಬಟ್ಟೆಗಳೆಲ್ಲ ಮಾಸ್ಟರ ಅಂಗಡಿಯಿಂದ ಹೊಲಿಗೆ ಹೊರಮುಖವಾಗಿ ತಿರುಗಿ ಬಂದವು. ಸೊಂಟಕ್ಕೊಂದು ಮೆತ್ತನೆಯ ಪಟ್ಟಿ, ಅದರಲ್ಲಿ ಆಲೂಗಡ್ಡೆಯ ಅಳತೆಗೆ ಹೊಲಿದ ನಾಲ್ಕು ಜೇಬು. ಹಾಕಿಕೊಂಡರೆ ಅಂಗಿಯನ್ನು ಒಳಗು ಹೊರಗು ಮಾಡಿ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಉಜ್ಜುತ್ತಿರಲಿಲ್ಲ.

ಈ ನಡುವೆ ಗಂಡನಿಗೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು. ಮೊದಮೊದಲು ಅವನು ನಿದ್ದೆ ಮಾಡುತ್ತಿದ್ದ. ಮಾಸ್ಟರ ಹೊಲಿಗೆಗೆ ತಲೆ ಕಿಟಕಿಗೆ ಬಡಿದು ಬಡಿದು ನಿದ್ದೆ ಬಿಟ್ಟು ಹೋಯಿತು. ಆಮೇಲೆ ನೋಡಲು ಇದ್ದದ್ದು ಒಂದೇ, ಮುಂದೆ ಓಡುತ್ತಿದ್ದ ಹೆಂಡತಿ. ದಿನವಿಡೀ ಅಪರಿಚಿತರ ಕಣ್ಣೊಳಗೆ ಇಣುಕುವವನಾದರೂ ಕಟ್ಟಿಕೊಂಡವಳನ್ನು ಮೂರು ಗಂಟೆ ಒಂದೇ ಸಮ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಆಕೆಯ ಎಡಗಾಲು ಸ್ವಲ್ಪ ಹೊರಕ್ಕೆ ಬೀಳುವುದು ಕಂಡಿತು. ಸುಸ್ತಾದಾಗ ಬಲಭುಜ ಇಳಿಯುವುದು, ಏರು ಬಂದಾಗ ಮುಷ್ಟಿ ಬಿಗಿಯುವುದು ಕಂಡಿತು. ಒಂದು ಸಂಜೆ ಅವನಾಗಿಯೇ, "ಏರು ಬಂದಾಗ ಕೈ ಬಿಗಿ ಹಿಡೀತೀಯ. ಸಡಿಲ ಬಿಡು," ಎಂದ. ಆಕೆ ತಿರುಗಿ ನೋಡಿದಳು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಮತ್ತೊಮ್ಮೆ ನೋಡಿದಳು.

ಕೆಟ್ಟ ಭಾನುವಾರ ಬಂದದ್ದು ಓಟಕ್ಕೆ ಇನ್ನೇನು ಒಂದು ತಿಂಗಳಿದೆ ಎನ್ನುವಾಗ. ತಯಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಓಟ, ಮೂವತ್ತೈದು ಕಿಲೋಮೀಟರ್. ಬಿಸಿಲು ಬೇಗ ಏರಿತ್ತು. ಹಿಂದಿನ ದಿನ ಸಂಜೆಯವರೆಗೂ ಕ್ಲಾಸು. ಮೂವತ್ತರ ಹತ್ತಿರ ಆಕೆಯ ಕಾಲು ಇದ್ದಕ್ಕಿದ್ದಂತೆ ಬೇರೆ ಯಾರದೋ ಕಾಲಿನ ಹಾಗಾಯಿತು. ಬಸ್ ನಿಲ್ದಾಣದ ಬೆಂಚು ಕಂಡಿತು. ಹೋಗಿ ಕೂತಳು.

ಗಂಡ ಬ್ರೇಕ್ ಒತ್ತಿದ. ಕಾರು ನಿಂತಿತು.

"ನಾನೇನಾದ್ರೂ ತಪ್ಪು ಮಾಡಿದ್ನಾ?" ಮಾಸ್ಟರು ಗಾಬರಿಯಿಂದ ಕೇಳಿದರು.

"ಇಲ್ಲ, ಅವಳು ಕೂತಳು."

ಗಂಡ ಇಳಿದು ಹೋಗಿ ಆಕೆಯ ಎದುರು ನಿಂತ. ನೀರು ಕೊಟ್ಟ. ಆಕೆ ಕುಡಿಯಲಿಲ್ಲ.

"ಏನಾಯ್ತು?"

"ಏನೂ ಆಗಿಲ್ಲ. ಇದೆಲ್ಲಾ ಯಾಕೆ ಅಂತ ಅನ್ನಿಸ್ತಿದೆ."

ಅವನಿಗೂ ಮೊದಲಿನಿಂದ ಹಾಗೇ ಅನ್ನಿಸುತ್ತಿತ್ತು. ಆದರೆ ಈಗ ಹೌದು ಅನ್ನಲು ಬಾಯಿ ಬರಲಿಲ್ಲ, ಇಲ್ಲ ಅನ್ನಲು ಕಾರಣ ಹೊಳೆಯಲಿಲ್ಲ. ಹಾಗೇ ಬೆಪ್ಪಾಗಿ ನಿಂತಿದ್ದಾಗ ಬಸ್ಸು ಬಂತು. ಆಕೆಯನ್ನು ಗುರುತು ಹಿಡಿದ ಡ್ರೈವರ್ ಅಳತೆ ಹಿಡಿದ ಹಾಗೆ ಬಾಗಿಲನ್ನು ಆಕೆಯ ಮುಂದೆಯೇ ತಂದು ನಿಲ್ಲಿಸಿದ. ಬಾಗಿಲು ತೆರೆಯಿತು. ಆಕೆ ಎದ್ದು ಹತ್ತಿ, ಕಿಟಕಿಯ ಪಕ್ಕ ಕೂತು, ಹೊರಟೇ ಹೋದಳು.

ಗಂಡ ನೀರಿನ ಬಾಟಲಿ ಹಿಡಿದು ಕಾರಿಗೆ ಬಂದ.

"ಎಲ್ಲೋದಳು?" ಅತ್ತೆ ಕೇಳಿದರು.

"ಮನೆಗೆ. ಬಸ್ಸಲ್ಲಿ."

"ಆಲೂಗಡ್ಡೆ?"

"ತಗೊಂಡಿಲ್ಲ."

ಆ ವಾರ ಆಕೆ ಬೂಟು ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟಳು. ಒಣಗಿದ ಮೇಲೂ ಒಳಗೆ ತರಲಿಲ್ಲ. ಶನಿವಾರ ಊಟ ಮಾಡುವಾಗ, "ನಾನು ಬಿಟ್ಟೆ ಅದನ್ನ," ಎಂದಳು. ಅತ್ತೆ ಹೂಂಗುಟ್ಟಿದರು. ಗಂಡ ಕನ್ನಡಕ ತೆಗೆದು ಒರೆಸುತ್ತಲೇ ಇದ್ದ.

ಭಾನುವಾರ ಬೆಳಗ್ಗೆ ಅಡುಗೆಮನೆಯ ಸದ್ದಿಗೆ ಆಕೆಗೆ ಎಚ್ಚರವಾಯಿತು. ಹೋಗಿ ನೋಡಿದರೆ ಅತ್ತೆ ಆಲೂಗಡ್ಡೆ ಬಸಿಯುತ್ತಿದ್ದರು. ಗಂಡ ಅಂಗಿ ಹಾಕಿಕೊಂಡು ನಿಂತಿದ್ದ.

"ಎಲ್ಲಿಗೆ?"

"ಮಾಸ್ಟರ ಕ್ಲಾಸು," ಎಂದ ಗಂಡ. "ಅವರಿಗೆ ಹದಿನೈದನೇ ತಾರೀಕು ಪರೀಕ್ಷೆ."

"ನೀವು ಅತ್ತೆ?"

"ನಂಗೆ ಅಭ್ಯಾಸ ಆಗಿಬಿಟ್ಟಿದೆ. ನೀನು ಮಲ್ಕೋ. ನಾವು ಹೋಗಿ ಬರ್ತೀವಿ."

ಆಕೆ ಮಲಗಲಿಲ್ಲ. ಬಾಲ್ಕನಿಗೆ ಬಂದು ನಿಂತಳು. ಕೆಳಗೆ ಕಾರು ಹೊರಟಿತು. ಮಾಸ್ಟರಿಗೆ ಗೊತ್ತಿದ್ದದ್ದು ಒಂದೇ ವೇಗ, ಆಕೆಯ ಓಟದ ವೇಗ. ಖಾಲಿ ರಸ್ತೆ, ಮುಂದೆ ಯಾರೂ ಇಲ್ಲ. ಯಾರೂ ಇಲ್ಲದ ಆ ಜಾಗಕ್ಕೆ ಹತ್ತು ಮಾರು ಅಂತರ ಬಿಟ್ಟುಕೊಂಡು, ಕಾರು ನಿಧಾನಕ್ಕೆ ಹೋಗುತ್ತಿತ್ತು. ಒಂದಿಷ್ಟೂ ಕುಲುಕುತ್ತಿರಲಿಲ್ಲ. ಹೊಲಿಗೆ ನಿಂತಿತ್ತು. ಹಿಂದಿನ ಗಾಜಿನಲ್ಲಿ ಅತ್ತೆಯ ನರೆತಲೆ ಅಲುಗಾಡದೆ ಕೂತಿತ್ತು.

ಆಕೆ ಸ್ವಲ್ಪ ಹೊತ್ತು ನೋಡಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಬೂಟು ಎತ್ತಿಕೊಂಡಳು.

ಕಾರನ್ನು ಹಿಡಿಯಲು ಏನೂ ಕಷ್ಟವಾಗಲಿಲ್ಲ. ಅದು ಎರಡನೇ ತಿರುವನ್ನೂ ದಾಟಿರಲಿಲ್ಲ. ಪಕ್ಕದಿಂದ ಹಾದು ಮುಂದೆ ಹೋಗುವಾಗ ಆಕೆ ಕಿಟಕಿಯೊಳಗೆ ನೋಡದೆ, "ಕ್ಲಚ್ ಚೆನ್ನಾಗಿ ಹಿಡಿದಿದೀರಿ ಮಾಸ್ಟರೇ," ಎಂದಳು. ಮಾಸ್ಟರಿಗೆ ಆ ಕಾರಿನಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ಅವರು ಅದಕ್ಕೆ ಹಾರನ್ ಹೊಡೆದರು. ಬೇಕೆಂದು ಹೊಡೆದದ್ದಲ್ಲ, ಕೈ ತಾಗಿ.

ಹದಿನೈದರ ಪರೀಕ್ಷೆಯಲ್ಲಿ ಮಾಸ್ಟರು ಮತ್ತೆ ಫೇಲಾದರು. ತೀರಾ ನಿಧಾನ ಎಂದರಂತೆ ಪರೀಕ್ಷೆಯವರು. "ಆದ್ರೆ ಕಾರು ಒಂದ್ಸಲಾನೂ ಕುಲುಕಿಲ್ಲ ಮೇಡಂ," ಎಂದು ಬಂದು ಹೇಳಿದರು. ಆಕೆಗೂ ಅದೇ ದೊಡ್ಡದು ಅನ್ನಿಸಿತು. ಇನ್ನೊಂದು ದಿನಾಂಕ ಗೊತ್ತು ಮಾಡಿದರು.

ಓಟದ ದಿನ ದಾರಿಯಲ್ಲಿ ಕಾರು ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಗಂಡ, ಅತ್ತೆ, ಮಾಸ್ಟರು ಮೂವರೂ ಜಲಾಶಯದ ಪಕ್ಕ, ಓಟ ಶುರುವಾಗಿ ಮುಗಿಯುವ ಜಾಗದಲ್ಲಿ, ಮನೆಯಿಂದ ತಂದ ಕುರ್ಚಿ ಹಾಕಿಕೊಂಡು ಕೂತರು. ಬೆಳಕು ಹರಿಯುವ ಮುಂಚೆ ಆಕೆ ಹೊರಟಳು. ಮಿಕ್ಕವರೆಲ್ಲ ಕಂಪನಿಯ ಹೊಳೆಯುವ ಬಟ್ಟೆ ಹಾಕಿದ್ದರು. ಆಕೆಯೊಬ್ಬಳದೇ ಅಂಗಿ ಒಳಗು ಹೊರಗು.

ಮೊದಲ ಸುತ್ತು ಸಲೀಸಾಗಿ ಮುಗಿಯಿತು. ಇಂಜಿನ್ನಿನ ಸದ್ದು ಬೆನ್ನ ಹಿಂದೆ ಇಲ್ಲದ್ದು ಮಾತ್ರ ವಿಚಿತ್ರವಾಗಿತ್ತು. ಎರಡು ಮೂರು ಸಲ ತಿರುಗಿ ನೋಡಿದಳು. ಸುತ್ತು ಮುಗಿದಲ್ಲಿ ಅತ್ತೆ ಎದ್ದು ನಿಂತು ಆಲೂಗಡ್ಡೆ ಕೊಟ್ಟರು. ಪಕ್ಕದಲ್ಲಿ ಖಾಲಿ ಕುರ್ಚಿಯೊಂದಿತ್ತು. ಆಕೆ ಅದನ್ನು ನೋಡಿದ್ದು ಅತ್ತೆಗೆ ಕಂಡಿತು. ಅವರು ಅದರ ಮೇಲೆ ಬುಟ್ಟಿ ಇಟ್ಟರು.

"ಹೋಗು," ಎಂದರು.

ಎರಡನೇ ಸುತ್ತಿನಲ್ಲಿ ಬಿಸಿಲು. ನಲವತ್ತರ ಆಚೆ ಆಕೆ ಓಡುತ್ತಿದ್ದಳು ಎನ್ನುವುದಕ್ಕಿಂತ ನಿಲ್ಲದೆ ಇದ್ದಳು ಎನ್ನಬಹುದು. ಒಂದು ಏರಿನ ಬುಡದಲ್ಲಿ ಗಟ್ಟಿಮುಟ್ಟಾದ ಗಂಡಸೊಬ್ಬ ಮೈಲಿಕಲ್ಲಿಗೆ ಒರಗಿ ನಿಂತು ಅಳುತ್ತಿದ್ದ. ಮೂವತ್ತರ ಆಸುಪಾಸಿನವನು.

"ಕಾಲು ನೋವಾ?" ಆಕೆ ಕೇಳಿದಳು.

"ಇಲ್ಲ. ಗೊತ್ತಿಲ್ಲ. ಆಗ್ತಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಧೈರ್ಯ ಹೇಳುತ್ತಿದ್ದರು. ಆಕೆಗೆ ಬರುತ್ತಿದ್ದ ಭಾಷೆ ಒಂದೇ. "ದೂರ ನೋಡಬೇಡಿ. ಆ ಕಂಬ ನೋಡಿ. ಕೈ ಸಡಿಲ ಬಿಡಿ. ಫಸ್ಟ್ ಗೇರಲ್ಲೇ ಬರಲಿ. ಹೊರಡಿ."

ಆತ ಹೊರಟ. ಯಾಕೆ ಹೊರಟೆ ಎಂದು ಅವನಿಗೂ ತಿಳಿದ ಹಾಗೆ ಕಾಣಲಿಲ್ಲ. ಕಂಬ ಬಂತು. ಇನ್ನೊಂದು ಕಂಬ ತೋರಿಸಿದಳು. ಆಲೂಗಡ್ಡೆ ಅರ್ಧ ಕೊಟ್ಟಳು. ಏರು ಮುಗಿದು ಇಳಿಜಾರು ಬಂದಾಗ, "ಈಗ ಸೆಕೆಂಡು," ಎಂದಳು. ಕೊನೆಯ ಕಿಲೋಮೀಟರಿನಲ್ಲಿ ಆತನಿಗೆ ಎಲ್ಲಿಂದಲೋ ಜೀವ ಬಂತು. ಥ್ಯಾಂಕ್ಸ್ ಅಂತಲೂ ಅನ್ನದೆ ಆಕೆಯನ್ನು ಹಿಂದೆ ಹಾಕಿ ಓಡಿಹೋದ. ಕಲಿತವರೆಲ್ಲ ಹಾಗೇ ಹೋಗುವುದು. ಆಕೆಗೆ ಹೊಸದೇನೂ ಅನ್ನಿಸಲಿಲ್ಲ.

ಆಕೆ ಮುಗಿಸಿದಾಗ ಕೊಟ್ಟ ಸಮಯ ಇನ್ನೂ ಸ್ವಲ್ಪ ಉಳಿದಿತ್ತು. ಹಿಂದೆ ನಾಲ್ಕೈದು ಜನ ಇದ್ದರು. ಮಾಸ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪದಕ ಕೊರಳಿಗೆ ಬಿತ್ತು. ಗಂಡ ಬಂದು ತೋಳು ಹಿಡಿದುಕೊಂಡ. ಆಕೆ ಬೀಳುವ ಹಾಗೇನೂ ಇರಲಿಲ್ಲ, ಆದರೂ ಹಿಡಿದುಕೊಂಡ, ಬಿಡಲಿಲ್ಲ.

"ಆಯ್ತಾ?" ಅತ್ತೆ ಕೇಳಿದರು.

"ಆಯ್ತು ಅತ್ತೆ."

ಅತ್ತೆ ಕುರ್ಚಿಯ ಮೇಲಿನ ಬುಟ್ಟಿ ಎತ್ತಿದರು. ಆಕೆ ಕೂತಳು. ಒಂದು ಗಂಟೆ ಏಳಲಿಲ್ಲ.

ಸೋಮವಾರ ರಜೆ ಹಾಕಲಿಲ್ಲ. ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ, ಕಂಬಿ ಹಿಡಿದುಕೊಂಡು ಇಳಿದಳು. ಹೊಸದಾಗಿ ಸೇರಿದ ನರ್ಸಮ್ಮನ ಮೊದಲ ಕ್ಲಾಸು. ನರ್ಸಮ್ಮ ಸ್ಟಿಯರಿಂಗನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದು ಕೂತಿದ್ದಳು.

"ಮೇಡಂ, ನೀವು ನೆನ್ನೆ ಐವತ್ತು ಕಿಲೋಮೀಟರ್ ಓಡಿದ್ರಂತೆ. ಭಯ ಆಗ್ಲಿಲ್ವಾ?"

"ಆಯ್ತು," ಎಂದಳು. "ಕನ್ನಡಿ ಸರಿ ಮಾಡ್ಕೊಳ್ಳಿ. ಹೊರಡೋಣ."